ಸ್ವಾಮಿ ತರಗತಿಗೆ ಬಂದಾಗ



ಶಾಲೆಯಲ್ಲಿ ಮಕ್ಕಳಿಗೆ ಒಂದು ಕಾದಂಬರಿ ಓದಿಸುತ್ತೇವೆ. ಓದಿಸಿದ ಮೇಲೆ ಏನು ಮಾಡಿಸಬೇಕು? ಈ ಹೊತ್ತು ನಿಮ್ಮ ಮುಂದಿಡುತ್ತಿರುವುದು ಈ ಒಂದೇ ಪ್ರಶ್ನೆ.

ಇದಕ್ಕೆ ನಮ್ಮಲ್ಲಿ ಸಿದ್ಧ ಉತ್ತರವಿದೆ. ಒಂದು ವಾಕ್ಯದಲ್ಲಿ ಉತ್ತರಿಸಿ. ಬಿಟ್ಟ ಸ್ಥಳ ತುಂಬಿರಿ. ಸಾರಾಂಶ ಬರೆಯಿರಿ. ಕಥೆಯ ನೀತಿ ತಿಳಿಸಿ. ಇಷ್ಟಾದರೆ ಪಾಠ ಮುಗಿಯಿತು. ಅದರ ಜೊತೆಗೆ ಪುಸ್ತಕವೂ ಮುಗಿದುಹೋಗುತ್ತದೆ. ಆ ಮಗು ಮತ್ತೆ ಅದನ್ನು ಕೈಗೆತ್ತಿಕೊಳ್ಳುವುದಿಲ್ಲ. ಹೀಗೆ ಒಳ್ಳೆಯ ಕಥೆಯೊಂದನ್ನು ನಾವೇ ಕೈಯಾರೆ ಮಕ್ಕಳಿಂದ ದೂರ ಮಾಡುತ್ತೇವೆ. ಇದು ನನಗೆ ಬಹಳ ನೋವಿನ ವಿಷಯ.

ಹಾಗಾದರೆ ಒಳ್ಳೆಯ ಚಟುವಟಿಕೆ ಯಾವುದು? ನಾನು ಇಟ್ಟುಕೊಂಡಿರುವ ಅಳತೆ ಒಂದೇ. ಮಾಡುತ್ತಾ ಮಾಡುತ್ತಾ ಮಗು ಪುಸ್ತಕವನ್ನು ಮತ್ತೆ ತೆರೆಯಬೇಕು. ಯಾರೂ ಹೇಳದೆ ತೆರೆಯಬೇಕು. ಆ ಪುಟ ಎಲ್ಲಿದೆ ಎಂದು ತಾನೇ ಹುಡುಕಬೇಕು. ಹಾಗೆ ಹುಡುಕಿಸಿದರೆ ಅದು ಒಳ್ಳೆಯ ಚಟುವಟಿಕೆ. ಹುಡುಕಿಸದಿದ್ದರೆ, ಬಣ್ಣದ ಕಾಗದ ಎಷ್ಟೇ ಅಂಟಿಸಿರಲಿ, ಅದು ಬರೀ ಹೊತ್ತು ಕಳೆಯುವ ಕೆಲಸ.

ಮಾತು ಗಾಳಿಯಲ್ಲಿ ತೇಲಬಾರದು. ಅದಕ್ಕಾಗಿ ಒಂದು ಪುಸ್ತಕವನ್ನು ಹಿಡಿದುಕೊಳ್ಳೋಣ. ಆರ್. ಕೆ. ನಾರಾಯಣ್ ಅವರ 'ಸ್ವಾಮಿ ಅಂಡ್ ಫ್ರೆಂಡ್ಸ್'. ಇಂಗ್ಲಿಷಿನಲ್ಲಿ ಬರೆದದ್ದು. ಕನ್ನಡಕ್ಕೂ ಅನುವಾದವಾಗಿದೆ. ಹತ್ತು ವರ್ಷದ ಹುಡುಗ ಸ್ವಾಮಿನಾಥನ ಕಥೆ. ಊರು ಮಾಲ್ಗುಡಿ.

ನಾರಾಯಣ್ ಇದರ ಮೊದಲ ಸಾಲು ಬರೆದದ್ದು 1930ರಲ್ಲಿ, ಬೆಂಗಳೂರಿನಲ್ಲಿ. ಅವರ ಅಜ್ಜಿ ಒಂದು ಒಳ್ಳೆಯ ದಿನ ನೋಡಿಕೊಟ್ಟರಂತೆ. ಆ ದಿನ ಒಂದು ನೋಟ್‌ಬುಕ್ ಕೊಂಡು ಬರೆಯತೊಡಗಿದರು. ಪುಸ್ತಕ ಅಚ್ಚಾದದ್ದು 1935ರಲ್ಲಿ, ಲಂಡನ್ನಿನಲ್ಲಿ. ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಹಸ್ತಪ್ರತಿಯನ್ನು ಹಿಂತಿರುಗಿಸಿದ್ದರು. ಕೊನೆಗೆ ಗೆಳೆಯರೊಬ್ಬರು ಅದನ್ನು ಕಾದಂಬರಿಕಾರ ಗ್ರಹಾಂ ಗ್ರೀನ್ ಕೈಗೆ ಮುಟ್ಟಿಸಿದರು. ಗ್ರೀನ್ ಮೆಚ್ಚಿದರು, ಪ್ರಕಾಶಕರನ್ನು ಹುಡುಕಿದರು. ಅದೇ 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರುಮಾಡಿದರು. ಬಾನುಲಿಯಲ್ಲಿ ಕೂತು ಸ್ವಾಮಿಯ ಬಗ್ಗೆ ಮಾತಾಡುವಾಗ ಈ ಸಂಗತಿ ನನಗೆ ವಿಶೇಷ ಸಂತೋಷ ಕೊಡುತ್ತದೆ.

ನಾರಾಯಣ್ ಇದನ್ನು ಮಕ್ಕಳಿಗೆಂದೇ ಬರೆದವರಲ್ಲ. ಆದರೆ ಮಕ್ಕಳು ಇದನ್ನು ತಮ್ಮದೆಂದುಕೊಂಡರು. ಕಾರಣ ಸ್ಪಷ್ಟ. ಇದು ಶಾಲೆಯ ಕಥೆ. ಸೋಮವಾರ ಬೆಳಗಿನ ಸಂಕಟದಿಂದಲೇ ಕಥೆ ಶುರು. ನಾರಾಯಣರ ತಂದೆ ಮೈಸೂರಿನಲ್ಲಿ ಹೆಡ್‌ಮಾಸ್ಟರಾಗಿದ್ದವರು. ನಾರಾಯಣ್ ಸ್ವತಃ ಚನ್ನಪಟ್ಟಣದಲ್ಲಿ ಕೆಲವೇ ದಿನ ಮೇಷ್ಟರಾಗಿದ್ದು, ಒಗ್ಗದೆ ಬಿಟ್ಟು ಬಂದವರು. ಬೆಂಚಿನ ಮೇಲೆ ಕೂತ ಮಗುವಿನ ಕಷ್ಟ ಏನೆಂದು ಅವರಿಗೆ ಗೊತ್ತಿತ್ತು.

ಅಂದರೆ ಇಲ್ಲಿಯವರೆಗೆ ಹೇಳಿದ್ದಿಷ್ಟು. ಚಟುವಟಿಕೆ ಮಗುವನ್ನು ಪುಸ್ತಕದ ಒಳಗೆ ಮತ್ತೆ ಕಳಿಸಬೇಕು. ನಮ್ಮ ಕೈಯಲ್ಲಿರುವ ಪುಸ್ತಕ ಸ್ವಾಮಿಯದು. ಈಗ, ಏನು ಮಾಡಿಸಬಾರದು ಎಂಬುದನ್ನು ನೋಡೋಣ. ಅದನ್ನೂ ಈ ಪುಸ್ತಕವೇ ಹೇಳಿಕೊಡುತ್ತದೆ.

ಸ್ವಾಮಿ ವಾರ್ಷಿಕ ಪರೀಕ್ಷೆ ಬರೆದು ಹೊರಗೆ ಬರುತ್ತಾನೆ. ಪ್ರಶ್ನೆಪತ್ರಿಕೆಯಲ್ಲಿ ಹುಲಿ, ಬ್ರಾಹ್ಮಣ, ಚಿನ್ನದ ಬಳೆಯ ಕಥೆ ಬಂದಿದೆ. ನಮಗೂ ಹಿತೋಪದೇಶದಿಂದ ಗೊತ್ತಿರುವ ಕಥೆಯೇ. ಇದರ ನೀತಿಯೇನು ಎಂದು ಕೇಳಿದ್ದಾರೆ. ಸ್ವಾಮಿ ಒಂದೇ ಸಾಲು ಬರೆದಿದ್ದಾನೆ. ಚಿನ್ನದ ಬಳೆಯ ಆಸೆಗೆ ಪ್ರಾಣವನ್ನೇ ತೆರಬೇಕಾಗುತ್ತದೆ ಎಂಬರ್ಥದ ಸಾಲು. ಹೊರಗೆ ಬಂದು ಗೆಳೆಯರನ್ನು ಕೇಳುತ್ತಾನೆ. ಅವರೆಲ್ಲ ಅದಕ್ಕಿಂತ ಎಷ್ಟೋ ಉದ್ದ ಬರೆದಿದ್ದಾರೆ. ಅವನ ಎದೆ ಹಾರುತ್ತದೆ. ನೀತಿಯನ್ನು ಎಷ್ಟು ಉದ್ದ ಬರೆದೆ ಎಂಬುದೇ ಅಲ್ಲಿ ಮುಖ್ಯವಾಗಿಬಿಟ್ಟಿದೆ. ಹುಲಿಯ ಬಗ್ಗೆ ಯಾರೂ ಮಾತಾಡುವುದಿಲ್ಲ.

ಇಂಥ ಪುಟವಿರುವ ಪುಸ್ತಕವನ್ನು ಓದಿಸಿ, ಕೊನೆಗೆ ಈ ಕಾದಂಬರಿಯ ನೀತಿಯೇನು ಎಂದು ನಾವೇ ಬೋರ್ಡಿನ ಮೇಲೆ ಬರೆದರೆ ಹೇಗೆ? ಸ್ವಾಮಿಯನ್ನು ಮತ್ತೊಮ್ಮೆ ಪರೀಕ್ಷೆಗೆ ಕೂರಿಸಿದಂತೆ. ಮೇಷ್ಟರೇ, ಮೇಡಂ, ಆ ಒಂದು ಪ್ರಶ್ನೆಯನ್ನು ದಯವಿಟ್ಟು ಬಿಟ್ಟುಬಿಡಿ.

ಇನ್ನು ಮಾಡಿಸಬೇಕಾದ್ದಕ್ಕೆ ಬರೋಣ. ನನಗೆ ತುಂಬ ಪ್ರಿಯವಾದದ್ದು ಮಾವಿನಹಣ್ಣಿನ ಲೆಕ್ಕ.

ರಜೆಯಲ್ಲಿ ಅಪ್ಪ ಸ್ವಾಮಿಯನ್ನು ಕೂರಿಸಿ ಒಂದು ಲೆಕ್ಕ ಕೊಡುತ್ತಾರೆ. ರಾಮನ ಹತ್ತಿರ ಹತ್ತು ಮಾವಿನಹಣ್ಣು. ಅವನಿಗೆ ಅವುಗಳಿಂದ ಹದಿನೈದು ಆಣೆ ಬರಬೇಕು. ಕೃಷ್ಣನಿಗೆ ಬೇಕಾದದ್ದು ನಾಲ್ಕೇ ಹಣ್ಣು. ಅವನು ಎಷ್ಟು ಕೊಡಬೇಕು? ಲೆಕ್ಕ ಇಷ್ಟೇ. ಆದರೆ ಸ್ವಾಮಿಗೆ ಅದು ಲೆಕ್ಕವಾಗಿ ಕಾಣುವುದೇ ಇಲ್ಲ. ಹಣ್ಣು ಅಂದೊಡನೆ ಬಾಯಲ್ಲಿ ನೀರು. ಈ ರಾಮ ಎಂಥವನಿರಬಹುದು? ಹದಿನೈದೇ ಆಣೆ ಬೇಕೆಂದು ಹಟ ಯಾಕೆ? ಬಹುಶಃ ತರಗತಿಯ ಜಾಣ ಶಂಕರನ ಥರ ಇರಬೇಕು. ಹಾಗಾದರೆ ಕೃಷ್ಣ? ಅವನು ನಮ್ಮ ಪುಟಾಣಿ ಸ್ಯಾಮ್ಯುಯೆಲ್ ಥರ. ಪಾಪ ಕೃಷ್ಣ, ಅನ್ನಿಸುತ್ತದೆ ಸ್ವಾಮಿಗೆ. ಕೊನೆಗೆ ಅಪ್ಪನನ್ನೇ ಕೇಳುತ್ತಾನೆ. ಆ ಹಣ್ಣುಗಳು ಮಾಗಿದ್ದವೋ, ಇಲ್ಲವೋ ಎಂದು. ಅಪ್ಪ ನಗು ತಡೆದುಕೊಳ್ಳುತ್ತಾರೆ. ಸ್ವಲ್ಪ ಹೊತ್ತಿಗೆ ಕಿವಿಯನ್ನೂ ಹಿಂಡುತ್ತಾರೆ. ಸ್ವಾಮಿ ಅಳುತ್ತಾನೆ. ಅಳುತ್ತಲೇ ಸರಿಯುತ್ತರ ಹೇಳುತ್ತಾನೆ.

ಈ ಪುಟವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ. ಲೆಕ್ಕದ ವಾಕ್ಯ ಬಂದಾಗ ನಿಲ್ಲಿಸಿ. ಉತ್ತರ ಕೇಳಬೇಡಿ. ಈ ಲೆಕ್ಕ ಮಾಡುವ ಮೊದಲು ನಿಮಗೆ ಏನೇನು ತಿಳಿಯಬೇಕು, ಅದನ್ನು ಬರೆಯಿರಿ ಅನ್ನಿ. ಪ್ರಶ್ನೆಗಳನ್ನು ಮಾತ್ರ ಬರೆಯಬೇಕು. ಒಂದು ಮಗು ಬರೆಯುತ್ತದೆ, ಕೃಷ್ಣನ ಮನೆಯಲ್ಲಿ ಎಷ್ಟು ಜನ? ಇನ್ನೊಂದು, ಹಣ್ಣು ಯಾವ ಜಾತಿಯದು? ಬಾದಾಮಿಯೋ, ರಸಪುರಿಯೋ, ತೋತಾಪುರಿಯೋ? ಮತ್ತೊಂದು, ಉಳಿದ ಆರು ಹಣ್ಣು ಯಾರು ಕೊಂಡರು? ಸಂಜೆಯ ಹೊತ್ತಿಗೆ ಕೊಳೆತು ಹೋದರೆ ರಾಮನಿಗೆ ನಷ್ಟವಲ್ಲವೇ? ಈ ಪ್ರಶ್ನೆಗಳಲ್ಲಿ ಒಂದೂ ದಡ್ಡ ಪ್ರಶ್ನೆಯಲ್ಲ. ಹಣ್ಣಿನ ವ್ಯಾಪಾರಿ ದಿನವೂ ಹಾಕುವ ಲೆಕ್ಕವೇ ಇದು. ಹಣ್ಣು ಮಾಗಿದೆಯೋ ಇಲ್ಲವೋ ಎಂಬುದರ ಮೇಲೆಯೇ ಬೆಲೆ ನಿಂತಿರುತ್ತದೆ. ಸ್ವಾಮಿ ಕೇಳಿದ ಪ್ರಶ್ನೆ ವ್ಯಾಪಾರದ ತಿರುಳಿನ ಪ್ರಶ್ನೆ. ಇದು ಮಕ್ಕಳಿಗೆ ಹೊಳೆದ ಗಳಿಗೆಯಲ್ಲಿ ತರಗತಿಯ ಮುಖವೇ ಬದಲಾಗುತ್ತದೆ.

ಆಮೇಲೆ ಮಕ್ಕಳು ನಿಜವಾಗಿ ಹೋಗಿ ಕೇಳಿಕೊಂಡು ಬರಲಿ. ಸಂತೆಯಲ್ಲಿ, ತಳ್ಳುಗಾಡಿಯವರ ಹತ್ತಿರ. ಬೆಳಿಗ್ಗೆ ಏನು ಬೆಲೆ, ಸಂಜೆ ಏನು ಬೆಲೆ? ಮಾವಿನ ಕಾಲವಲ್ಲವೇ? ಬಾಳೆಹಣ್ಣು ಆದೀತು, ಟೊಮೆಟೊ ಆದೀತು. ಮರುದಿನ ಆಣೆಯ ವಿಚಾರ ತೆಗೆಯಿರಿ. ರೂಪಾಯಿಗೆ ಹದಿನಾರು ಆಣೆ. 1957ರಲ್ಲಿ ನೂರು ಪೈಸೆಯ ರೂಪಾಯಿ ಬಂತು. ಕೃಷ್ಣ ಕೊಡಬೇಕಾದದ್ದು ಆರು ಆಣೆ. ಪೈಸೆಯಲ್ಲಿ ಹೇಳಿದರೆ ಮೂವತ್ತೇಳೂವರೆ. ಇದನ್ನು ನಾವು ಹೇಳಬೇಕಾಗಿಲ್ಲ. ಮಕ್ಕಳೇ ಲೆಕ್ಕ ಹಾಕುತ್ತಾರೆ. ಈಗ ಅವರಿಗೆ ಅದು ಬೇಕಾಗಿರುತ್ತದೆ.

ಇನ್ನೊಂದು ಹೆಜ್ಜೆ ಇದೆ. ಅವರವರ ಗಣಿತ ಪುಸ್ತಕದಿಂದ ಒಂದೊಂದು ಲೆಕ್ಕ ಆರಿಸಿಕೊಳ್ಳಲಿ. ತೊಟ್ಟಿ ತುಂಬುವ ನಲ್ಲಿಯೋ, ಗೋಡೆ ಕಟ್ಟುವ ಹತ್ತು ಆಳುಗಳೋ. ಆ ಆಳುಗಳಿಗೆ ಹೆಸರಿಡಲಿ. ಯಾವ ಊರಿನವರು, ಮಧ್ಯಾಹ್ನ ಏನು ಉಂಡರು, ಒಬ್ಬನಿಗೆ ಜ್ವರ ಬಂದರೆ ಗೋಡೆ ಯಾವಾಗ ಮುಗಿದೀತು? ಹೀಗೆ ಬರೆಯಲು ಕೂತ ಮಗು, ನಾರಾಯಣ್ ರಾಮ ಮತ್ತು ಕೃಷ್ಣರಿಗೆ ಹೇಗೆ ಜೀವ ಕೊಟ್ಟರು ಎಂದು ನೋಡಲು ಮತ್ತೆ ಆ ಪುಟಕ್ಕೆ ಹೋಗುತ್ತದೆ. ನಮ್ಮ ಅಳತೆ ಅದೇ ಅಲ್ಲವೇ?

ಕಿವಿ ಹಿಂಡಿದ ಅಪ್ಪನ ಬಗ್ಗೆಯೂ ಮಾತು ಬಂದೇ ಬರುತ್ತದೆ. ಅವನಪ್ಪ ಕೆಟ್ಟವರಾ ಎಂದು ಯಾವುದಾದರೂ ಮಗು ಕೇಳುತ್ತದೆ. ನೀವು ತೀರ್ಪು ಕೊಡಬೇಡಿ. ಪುಸ್ತಕದಲ್ಲಿ ಅಪ್ಪ ಎಲ್ಲೆಲ್ಲಿ ಬರುತ್ತಾರೆ, ಹುಡುಕಿ ಅನ್ನಿ. ಮಗ ಮನೆಗೆ ಬಾರದ ರಾತ್ರಿ ಅವರು ಊರೆಲ್ಲ ಅಲೆಯುವ ಪುಟ ಸಿಗುತ್ತದೆ. ನದಿಯ ಕಡೆ, ರೈಲು ಹಳಿಯ ಕಡೆ, ಎದೆ ಬಿಗಿಹಿಡಿದು ನಡೆಯುವ ಅಪ್ಪ. ಅದನ್ನು ಓದಿದ ಮೇಲೆ ಮಗು ತಾನೇ ತನ್ನ ಪ್ರಶ್ನೆಗೆ ಉತ್ತರ ಹೇಳಿಕೊಳ್ಳುತ್ತದೆ.

ಈವರೆಗೆ ಎರಡು ಮಾತಾಯಿತು. ನೀತಿ ಕೇಳಬೇಡಿ ಎಂಬುದು ಒಂದು. ಮಕ್ಕಳಿಂದಲೇ ಪ್ರಶ್ನೆ ಹುಟ್ಟಲಿ ಎಂಬುದು ಇನ್ನೊಂದು. ಈಗ ಬರವಣಿಗೆಗೆ ಬರೋಣ.

ಪತ್ರ ಬರೆಯುವುದು ನಮ್ಮ ಪಠ್ಯದಲ್ಲಿ ಇದ್ದೇ ಇದೆ. ರಜೆ ಅರ್ಜಿ, ಅಂಚೆ ಕಚೇರಿಗೆ ದೂರು, ಗೆಳೆಯನಿಗೆ ಪ್ರವಾಸದ ವರ್ಣನೆ. ಸ್ವಾಮಿ ಮತ್ತು ಗೆಳೆಯರು ಬರೆಯುವ ಪತ್ರವೇ ಬೇರೆ. ಅವರು ಕ್ರಿಕೆಟ್ ತಂಡ ಕಟ್ಟಿದ್ದಾರೆ. ಹೆಸರು ಎಂ.ಸಿ.ಸಿ., ಮಾಲ್ಗುಡಿ ಕ್ರಿಕೆಟ್ ಕ್ಲಬ್. ಹೆಸರಿಟ್ಟರೆ ಸರ್ಕಾರಕ್ಕೆ ತೆರಿಗೆ ಕಟ್ಟಬೇಕೇನೋ ಎಂಬ ಭಯ ಬೇರೆ. ಮದರಾಸಿನ ಆಟದ ಸಾಮಾನಿನ ಅಂಗಡಿಗೆ ಬ್ಯಾಟು, ಚೆಂಡು ಕಳಿಸಿರೆಂದು ಬರೆಯುತ್ತಾರೆ. ಹಣ ಆಮೇಲೆ. ಈ ಪತ್ರ ಓದಿದ ಮಕ್ಕಳಿಗೆ ಅಂಗಡಿಯವರ ಕೆಲಸ ಕೊಡಿ. ಈಗ ನೀವು ಉತ್ತರ ಬರೆಯಬೇಕು. ಹುಡುಗರ ಮನಸ್ಸು ನೋಯಬಾರದು, ಅಂಗಡಿಗೂ ನಷ್ಟವಾಗಬಾರದು. ಮಾದರಿ ಪತ್ರ ಕೊಡಲೇಬೇಡಿ. ವಿಳಾಸ ಎಲ್ಲಿ ಬರೆಯಬೇಕು, ದಿನಾಂಕ ಎಲ್ಲಿ ಹಾಕಬೇಕು ಎಂಬುದನ್ನು ಕೊನೆಯಲ್ಲಿ ತಿದ್ದಿದರಾಯಿತು.

ಪರೀಕ್ಷೆಗೆ ಮುಂಚೆ ಸ್ವಾಮಿ ತನಗೆ ಬೇಕಾದ ಸಾಮಾನಿನ ಪಟ್ಟಿಯನ್ನೂ ಮಾಡುತ್ತಾನೆ. ಬಿಳಿ ಹಾಳೆ, ನಿಬ್ಬು, ಶಾಯಿ, ಕ್ಲಿಪ್ಪು, ಪಿನ್ನು. ಪಟ್ಟಿ ಇಷ್ಟು ಚಿಕ್ಕದಾಯಿತಲ್ಲ ಎಂದು ಅವನಿಗೆ ಬೇಸರ. ನಿಮ್ಮ ಮಕ್ಕಳೂ ತಮ್ಮ ಪಟ್ಟಿ ಬರೆಯಲಿ. ಹತ್ತು ನಿಮಿಷದ ಕೆಲಸ.

ಪತ್ರವಾಯಿತು, ಪಟ್ಟಿಯಾಯಿತು. ಇನ್ನು ಮಗು ಪುಸ್ತಕವನ್ನು ಮನೆಗೆ ಒಯ್ಯಬೇಕು. ಅದಕ್ಕೆ ಸ್ವಾಮಿಯ ಅಜ್ಜಿ ಇದ್ದಾರೆ.

ಕೇಳುಗರೇ, ಆ ಅಜ್ಜಿ ಇರುವ ಜಾಗವನ್ನು ಕಣ್ಣಮುಂದೆ ತಂದುಕೊಳ್ಳಿ. ಮುಂದಿನ ಹಜಾರಕ್ಕೂ ಊಟದ ಮನೆಗೂ ನಡುವೆ ಒಂದು ಕಿರಿದಾದ ಕತ್ತಲ ಓಣಿ. ಗಾಳಿಯಾಡುವುದಿಲ್ಲ. ಅಲ್ಲಿ ಜಮಖಾನೆ, ದಿಂಬುಗಳ ಹಾಸಿಗೆ. ಸೆಣಬಿನ ನಾರಿನ ಒಂದು ಚೌಕ ಪೆಟ್ಟಿಗೆ. ಒಂದು ಮರದ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ತಾಮ್ರದ ಕಾಸು, ಏಲಕ್ಕಿ, ಲವಂಗ, ಅಡಕೆ. ರಾತ್ರಿ ಊಟವಾದ ಮೇಲೆ ಸ್ವಾಮಿ ಆ ಏಲಕ್ಕಿ ಲವಂಗದ ಘಮದಲ್ಲಿ ಅಜ್ಜಿಯ ತೊಡೆಯ ಮೇಲೆ ಮಲಗಿ, ತನ್ನ ಹೊಸ ಗೆಳೆಯ ರಾಜಂ ಬಗ್ಗೆ ಹೇಳುತ್ತಾನೆ. ಅಜ್ಜಿ ತಮ್ಮ ಕಾಲದ ಕಥೆ ತೆಗೆಯುತ್ತಾರೆ. ಇಬ್ಬರೂ ತಂತಮ್ಮ ಕಥೆಯಲ್ಲೇ ಇರುತ್ತಾರೆ. ಆದರೂ ಇಬ್ಬರಿಗೂ ಅದು ಬೇಕು.

ಅಜ್ಜಿಗೆ ಕ್ರಿಕೆಟ್ ಗೊತ್ತಿಲ್ಲ. ತನ್ನನ್ನು ಟೇಟ್ ಅನ್ನುತ್ತಾರೆ ಎಂದು ಸ್ವಾಮಿಗೆ ಹೆಮ್ಮೆ. ಮಾರಿಸ್ ಟೇಟ್ ಆ ಕಾಲದ ಇಂಗ್ಲೆಂಡಿನ ಬೌಲರ್. ಅಜ್ಜಿಗೆ ಟೇಟ್ ಯಾರೆಂದು ತಿಳಿಯದ್ದು ಅವನಿಗೆ ದೊಡ್ಡ ಆಶ್ಚರ್ಯ. ಇಲ್ಲಿಂದ ಒಂದು ಕೆಲಸ ಹುಟ್ಟುತ್ತದೆ. ಮಗು ಮನೆಗೆ ಹೋಗಿ ತನ್ನ ಆಟವೊಂದನ್ನು ಅಜ್ಜಿಗೋ ತಾತನಿಗೋ ವಿವರಿಸಬೇಕು. ಅವರಿಗೆ ಅರ್ಥವಾಗುವವರೆಗೆ ಬಿಡಬಾರದು. ಅವರು ತಮ್ಮ ಕಾಲದ ಆಟ ಹೇಳಿಕೊಡಬೇಕು. ಚೌಕಾಬಾರ, ಅಳಗುಳಿಮಣೆ, ಕುಂಟೆಬಿಲ್ಲೆ, ಲಗೋರಿ, ಯಾವುದಾದರೂ ಸರಿ. ಮನೆಯಲ್ಲಿ ಅಜ್ಜಿ ತಾತ ಇಲ್ಲದ ಮಕ್ಕಳಿರುತ್ತಾರೆ. ಅವರು ಬೀದಿಯ ಹಿರಿಯರನ್ನು ಕೇಳಲಿ, ಶಾಲೆಯ ಅಡುಗೆಯಮ್ಮನನ್ನು ಕೇಳಲಿ. ಇದನ್ನು ಮೊದಲೇ ಹೇಳಿಬಿಡಿ. ಯಾವ ಮಗುವೂ ತಲೆ ತಗ್ಗಿಸಿ ಕೂರುವಂತಾಗಬಾರದು.

ಆಮೇಲೆ ನಿಂಬೆಹಣ್ಣಿನ ಪುಟ ಓದಿ. ಅಜ್ಜಿಗೆ ಹೊಟ್ಟೆನೋವು. ಒಂದು ನಿಂಬೆಹಣ್ಣು ತಂದುಕೊಡು ಮಗು ಅನ್ನುತ್ತಾರೆ. ಸ್ವಾಮಿಗೆ ಆಟದ ಅವಸರ. ಓಡಿಬಿಡುತ್ತಾನೆ. ಮೈದಾನದಲ್ಲಿ ಆ ಮಾತು ಚುಚ್ಚತೊಡಗುತ್ತದೆ. ಅಜ್ಜಿ ಸತ್ತೇಹೋದರೇನೋ ಎಂಬ ದಿಗಿಲು. ಈ ಪುಟಕ್ಕೆ ಯಾವ ಚಟುವಟಿಕೆಯೂ ಬೇಡ. ಓದಿ, ಸುಮ್ಮನಿರಿ. ಓದಿಗೆ ಅಡ್ಡಬರದೆ ಇರುವುದೂ ಮೇಷ್ಟರ ಕೆಲಸವೇ.

ಮನೆಯಿಂದ ಊರಿಗೆ ಹೋಗೋಣ. ಮಾಲ್ಗುಡಿ ಎಂಬ ಊರು ಯಾವ ಭೂಪಟದಲ್ಲೂ ಇಲ್ಲ. ಆದರೆ ಓದಿದವರಿಗೆ ಅದರ ಬೀದಿಗಳು ಗೊತ್ತು. ಸರಯೂ ನದಿ, ಮಾರ್ಕೆಟ್ ರೋಡ್, ಎಲ್ಲಮ್ಮನ್ ಬೀದಿ. ಸ್ವಾಮಿಯ ಮನೆ ವಿನಾಯಕ ಮೊದಲಿ ಬೀದಿಯಲ್ಲಿ. ರಾಜಂ ಮನೆ ಲಾಲಿ ಎಕ್ಸ್‌ಟೆನ್ಷನ್ನಿನಲ್ಲಿ. ಊರಾಚೆ ಮೆಂಪಿ ಕಾಡು. ಮಾಲ್ಗುಡಿಯಲ್ಲಿ ನಾರಾಯಣರ ಮನಸ್ಸಿಗೆ ಮೊದಲು ಬಂದದ್ದು ರೈಲ್ವೆ ಸ್ಟೇಷನ್ನು ಎಂದು ಅವರೇ ಬರೆದುಕೊಂಡಿದ್ದಾರೆ. ಜೇಮ್ಸ್ ಫೆನ್ನೆಲಿ ಎಂಬ ಅಮೆರಿಕದ ವಿದ್ವಾಂಸರು ನಾರಾಯಣರ ಕಥೆಗಳನ್ನೇ ಆಧಾರ ಮಾಡಿಕೊಂಡು ಮಾಲ್ಗುಡಿಯ ನಕ್ಷೆಯನ್ನೂ ಬಿಡಿಸಿದರು.

ಆ ನಕ್ಷೆಯನ್ನು ಮಕ್ಕಳಿಗೆ ತೋರಿಸಬೇಡಿ. ಅವರೇ ಬಿಡಿಸಲಿ. ನಾಲ್ಕೈದು ಮಕ್ಕಳ ಒಂದೊಂದು ಗುಂಪು. ದೊಡ್ಡ ಹಾಳೆ ಇಲ್ಲವೇ? ಶಾಲೆಯ ಅಂಗಳದಲ್ಲಿ ಸುಣ್ಣದ ಪುಡಿ, ಕಡ್ಡಿ, ಕಲ್ಲು ಸಾಕು. ನಿಯಮ ಒಂದೇ. ಯಾವ ಗೆರೆ ಎಳೆದರೂ ಅದಕ್ಕೆ ಪುಸ್ತಕದಲ್ಲಿ ಆಧಾರ ತೋರಿಸಬೇಕು. ಶಾಲೆಯಿಂದ ನದಿಗೆ ಎಷ್ಟು ದೂರ? ಸ್ವಾಮಿ ನಡೆದೇ ಹೋದನಲ್ಲ, ಹಾಗಾದರೆ ಹತ್ತಿರವೇ ಇರಬೇಕು. ಹೀಗೆ ವಾದ ಶುರುವಾಗುತ್ತದೆ. ಎರಡು ಗುಂಪಿನ ನಕ್ಷೆ ಒಂದೇ ಥರ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ.

ಟೀವಿ ಧಾರಾವಾಹಿ ತೋರಿಸಬಹುದೇ ಎಂದು ಕೆಲವು ಶಿಕ್ಷಕರು ಕೇಳುತ್ತಾರೆ. ಶಂಕರ್ ನಾಗ್ 1980ರ ದಶಕದಲ್ಲಿ 'ಮಾಲ್ಗುಡಿ ಡೇಸ್' ಮಾಡಿದರು. ಆಗುಂಬೆಯನ್ನೇ ಮಾಲ್ಗುಡಿ ಮಾಡಿದರು. ಮಾಸ್ಟರ್ ಮಂಜುನಾಥ್ ಸ್ವಾಮಿ, ಗಿರೀಶ್ ಕಾರ್ನಾಡ್ ಅಪ್ಪ. ಬಹಳ ಒಳ್ಳೆಯ ಕೆಲಸ ಅದು. ಖಂಡಿತ ತೋರಿಸಿ. ಆದರೆ ನಕ್ಷೆ ಬಿಡಿಸಿದ ಮೇಲೆ ತೋರಿಸಿ. ಮೊದಲೇ ನೋಡಿದರೆ ಎಲ್ಲ ಮಕ್ಕಳ ತಲೆಯಲ್ಲೂ ಒಂದೇ ಮಾಲ್ಗುಡಿ ಕೂತುಬಿಡುತ್ತದೆ.

ಲೆಕ್ಕ, ಪತ್ರ, ಅಜ್ಜಿಯ ಆಟ, ಊರಿನ ನಕ್ಷೆ. ಇಷ್ಟಾಯಿತು. ಎಲ್ಲವೂ ಪುಸ್ತಕದ ಒಂದೊಂದು ಪುಟದಿಂದಲೇ ಹುಟ್ಟಿದವು. ಮುಂದಿನದು ಸ್ವಲ್ಪ ಎಚ್ಚರದಿಂದ ಮಾಡಬೇಕಾದ್ದು.

ಕಥೆಯಲ್ಲಿ 1930ರ ಆಗಸ್ಟ್ 15ರಂದು ಸರಯೂ ನದಿಯ ದಡದಲ್ಲಿ ಸುಮಾರು ಎರಡು ಸಾವಿರ ಜನ ಸೇರುತ್ತಾರೆ. ಬೊಂಬಾಯಿಯ ನಾಯಕರೊಬ್ಬರ ಬಂಧನವನ್ನು ಪ್ರತಿಭಟಿಸುವುದಕ್ಕೆ. ತಾರೀಕು ಕೇಳಿದೊಡನೆ ಮಕ್ಕಳು ಕಿವಿ ನಿಮಿರಿಸುತ್ತಾರೆ. ಸ್ವಾತಂತ್ರ್ಯ ಬರುವುದಕ್ಕೆ ಹನ್ನೆರಡು ವರ್ಷ ಮೊದಲೇ ಅಚ್ಚಾದ ಪುಸ್ತಕದಲ್ಲಿ ಆ ತಾರೀಕು ಹೇಗೆ ಬಂತು? ಅದು ಆಕಸ್ಮಿಕ. ಆದರೆ 1930ರ ಚಳವಳಿ ಆಕಸ್ಮಿಕವಲ್ಲ. ಅದೇ ವರ್ಷ ಗಾಂಧೀಜಿ ದಂಡಿಗೆ ನಡೆದರು. ನಮ್ಮ ಅಂಕೋಲದಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಸಮಾಜ ಪಾಠದ ಶಿಕ್ಷಕರು ಈ ಅಧ್ಯಾಯವನ್ನು ಕೈಗೆತ್ತಿಕೊಳ್ಳಬಹುದು.

ಸ್ವಾಮಿ ಆ ಗುಂಪಿನಲ್ಲಿ ಸೇರುತ್ತಾನೆ. ವಿದೇಶಿ ಬಟ್ಟೆ ಎಂದು ಯಾರೋ ಅಂದದ್ದಕ್ಕೆ ತನ್ನ ಟೋಪಿಯನ್ನೇ ಬೆಂಕಿಗೆ ಎಸೆಯುತ್ತಾನೆ. ಮರುದಿನ ಶಾಲೆಯ ಗಾಜು ಒಡೆಯುತ್ತದೆ. ಪೊಲೀಸರು ಲಾಠಿ ಬೀಸುತ್ತಾರೆ. ಆ ಪೊಲೀಸರ ಮುಂದಾಳು ಯಾರು? ಅವನ ಪ್ರಾಣಸ್ನೇಹಿತ ರಾಜಂನ ಅಪ್ಪ. ಇದು ಈ ಕಾದಂಬರಿಯ ಬಹಳ ಕಠಿಣವಾದ ಜಾಗ. ಒಂದೇ ದಿನ, ಎರಡು ಮನೆ. ಅರ್ಧ ತರಗತಿ ಆ ರಾತ್ರಿ ಸ್ವಾಮಿಯ ಮನೆಯಲ್ಲಿ ಕೂತು ಬರೆಯಲಿ. ಉಳಿದ ಅರ್ಧ ರಾಜಂ ಮನೆಯಲ್ಲಿ ಕೂತು ಬರೆಯಲಿ. ಆಮೇಲೆ ಬರೆದದ್ದನ್ನು ಅದಲುಬದಲು ಮಾಡಿ ಓದಲಿ. ಯಾರು ಸರಿ ಎಂದು ಕೈಯೆತ್ತಿಸಬೇಡಿ. ಪೊಲೀಸರ ಮಕ್ಕಳೂ ನಿಮ್ಮ ತರಗತಿಯಲ್ಲಿ ಇರಬಹುದು.

ಇದೇ ಎಚ್ಚರ ಎಬೆನೇಜರ್ ಮೇಷ್ಟರ ಪ್ರಸಂಗಕ್ಕೂ ಬೇಕು. ಅವರು ತರಗತಿಯಲ್ಲಿ ಹಿಂದೂ ದೇವರುಗಳನ್ನು ಹೀಗಳೆಯುತ್ತಾರೆ. ಸ್ವಾಮಿ ಎದುರು ಪ್ರಶ್ನೆ ಕೇಳಿ ಕಿವಿ ಹಿಂಡಿಸಿಕೊಳ್ಳುತ್ತಾನೆ. ಇದನ್ನು ನಾಟಕ ಮಾಡಿಸಬೇಡಿ ಎಂದೇ ನನ್ನ ಸಲಹೆ. ಯಾವ ಧರ್ಮದ ಮಗುವೂ ನೋಯಬಾರದು. ಸ್ವಾಮಿಯ ಅಪ್ಪ ಹೆಡ್‌ಮಾಸ್ಟರಿಗೆ ಬರೆದ ಪತ್ರದ ಬಗ್ಗೆ ಮಾತಾಡಿಸಿ. ಮಗುವಿಗೆ ಅನ್ಯಾಯವಾದಾಗ ದೊಡ್ಡವರು ಏನು ಮಾಡಬೇಕು? ಆ ಮಾತು ಎಲ್ಲರಿಗೂ ಸೇರಿದ್ದು.

ಈಗ ಕಿವಿಗೆ ಸಂಬಂಧಿಸಿದ ಒಂದು ಕೆಲಸ. ಬಾನುಲಿಯಲ್ಲಿ ಇದನ್ನು ಹೇಳದೆ ಇರಲಾರೆ.

ಚಳವಳಿಯ ಗಲಾಟೆಯ ನಂತರ ಸ್ವಾಮಿ ಮೊದಲ ಶಾಲೆ ಬಿಟ್ಟು ಇನ್ನೊಂದಕ್ಕೆ ಸೇರುತ್ತಾನೆ. ಆ ಎರಡನೆಯ ಶಾಲೆಯಲ್ಲಿ ಹೆಡ್‌ಮಾಸ್ಟರರ ಬೆತ್ತ ಕಿತ್ತು ಕಿಟಕಿಯಾಚೆ ಎಸೆದು ಊರು ಬಿಟ್ಟು ಓಡುತ್ತಾನೆ. ಮೆಂಪಿ ರಸ್ತೆಯಲ್ಲಿ ಕತ್ತಲಾಗುತ್ತದೆ. ದಾರಿ ತಪ್ಪುತ್ತದೆ. ಪ್ರತಿಯೊಂದು ಸದ್ದೂ ಅವನಿಗೆ ಆನೆಯೋ ಚಿರತೆಯೋ ಆಗಿ ಕೇಳುತ್ತದೆ. ಈ ಅಧ್ಯಾಯವನ್ನು ಶ್ರವ್ಯ ನಾಟಕ ಮಾಡಿಸಿ. ವೇಷ ಬೇಡ, ವೇದಿಕೆ ಬೇಡ. ಒಬ್ಬ ಓದುತ್ತಾನೆ, ಉಳಿದವರು ಸದ್ದು ಮಾಡುತ್ತಾರೆ. ಒಣ ಎಲೆಗಳ ಮೇಲೆ ಕೈಯಾಡಿಸಿದರೆ ಹೆಜ್ಜೆಯ ಸದ್ದು. ಹಳೆಯ ಎಕ್ಸ್‌ರೇ ಹಾಳೆ ಅಲುಗಿಸಿದರೆ ಗುಡುಗು. ತೆಂಗಿನ ಚಿಪ್ಪು ಕುಟ್ಟಿದರೆ ಎತ್ತಿನ ಗೊರಸು, ಯಾಕೆಂದರೆ ಬೆಳಿಗ್ಗೆ ಅವನನ್ನು ಕಾಣುವುದು ಒಬ್ಬ ಗಾಡಿಯವನು. ಕೇಳುವವರು ಕಣ್ಣು ಮುಚ್ಚಿಕೊಂಡಿರಬೇಕು. ಯಾವ ಸದ್ದು ಯಾವ ಸಾಲಿಗೆ ಬರಬೇಕು ಎಂದು ತೀರ್ಮಾನಿಸಲು ಆ ಅಧ್ಯಾಯವನ್ನು ಮತ್ತೆ ಮತ್ತೆ ಓದಲೇಬೇಕಾಗುತ್ತದೆ. ಓದಲು ಹಿಂಜರಿಯುವ ಮಗುವಿಗೆ ಇದರಲ್ಲಿ ಒಳ್ಳೆಯ ಜಾಗ ಸಿಗುತ್ತದೆ. ಗುಡುಗಿನ ಹೊಣೆ ಹೊತ್ತ ಮಗು ತನ್ನ ಸಾಲಿಗಾಗಿ ಪುಟದ ಮೇಲೆ ಬೆರಳಿಟ್ಟು ಕಾಯುತ್ತಿರುತ್ತದೆ.

ಇನ್ನು ಕೊನೆಯ ಅಧ್ಯಾಯ. ಹೆಚ್ಚಿನ ಹೊತ್ತು ಕೊಡಬೇಕಾದದ್ದು ಇದಕ್ಕೇ.

ಸ್ವಾಮಿ ಕಾಡಿನಲ್ಲಿ ಕಳೆದುಹೋದ್ದರಿಂದ ಮ್ಯಾಚಿಗೆ ಬರಲಿಲ್ಲ. ಎಂ.ಸಿ.ಸಿ. ಸೋತಿತು. ರಾಜಂ ಮಾತು ಬಿಟ್ಟ. ಈಗ ರಾಜಂನ ಅಪ್ಪನಿಗೆ ವರ್ಗವಾಗಿದೆ. ಬೆಳಗಿನ ರೈಲಿಗೆ ಹೊರಟಿದ್ದಾರೆ. ಸ್ವಾಮಿ ಒಂದು ಪುಸ್ತಕ ಹಿಡಿದು ಸ್ಟೇಷನ್ನಿಗೆ ಬರುತ್ತಾನೆ. ಹ್ಯಾನ್ಸ್ ಆ್ಯಂಡರ್ಸನ್ನನ ಕಿನ್ನರ ಕಥೆಗಳು. ಹತ್ತಿರ ಹೋಗಲು ಧೈರ್ಯವಿಲ್ಲ. ರೈಲು ಹೊರಡುವ ಗಳಿಗೆಯಲ್ಲಿ ಗೆಳೆಯ ಮಣಿ ಆ ಪುಸ್ತಕವನ್ನು ಕಿಟಕಿಯೊಳಗೆ ದಾಟಿಸುತ್ತಾನೆ. ರಾಜಂ ಏನೋ ಹೇಳಲು ಬಾಯಿ ತೆರೆದಂತೆ ಸ್ವಾಮಿಗೆ ಅನ್ನಿಸಿತ್ತು. ಅಷ್ಟರಲ್ಲಿ ಗಾರ್ಡಿನ ಸೀಟಿ, ಎಂಜಿನ್ನಿನ ಕೂಗು. ಮಾತು ಕೇಳಿಸಲಿಲ್ಲ. ರಾಜಂ ಕಾಗದ ಬರೆಯುತ್ತಾನೆ ಎಂದು ಮಣಿ ಸಮಾಧಾನ ಹೇಳುತ್ತಾನೆ. ಅದು ನಿಜವೋ ಸುಳ್ಳೋ? ಸ್ವಾಮಿ ಮಣಿಯ ಮುಖ ನೋಡುತ್ತಾನೆ. ಆ ಮುಖದಿಂದ ಏನೂ ತಿಳಿಯುವುದಿಲ್ಲ. ಅಲ್ಲಿಗೆ ಕಾದಂಬರಿ ಮುಗಿಯುತ್ತದೆ.

ಇಂಥ ಕಡೆ ಕಥೆ ಮುಂದುವರಿಸಿ ಬರೆಯಿರಿ ಎಂಬ ಚಟುವಟಿಕೆ ಕೊಡುವುದು ವಾಡಿಕೆ. ನಾನು ಬೇಡ ಅನ್ನುತ್ತೇನೆ. ಹಾಗೆ ಹೇಳಿದೊಡನೆ ಮಕ್ಕಳು ರಾಜಂನನ್ನು ವಾಪಸು ಕರೆತಂದು, ಇಬ್ಬರನ್ನೂ ಒಂದು ಮಾಡಿ, ಶುಭಂ ಎಂದು ಬರೆದುಬಿಡುತ್ತಾರೆ. ನಾರಾಯಣ್ ಅಷ್ಟು ಜೋಪಾನವಾಗಿ ತೆರೆದಿಟ್ಟ ಬಾಗಿಲನ್ನು ನಾವು ಮುಚ್ಚಿಸಿದಂತಾಗುತ್ತದೆ.

ಬದಲಿಗೆ ಒಂದು ಪಂಚಾಯಿತಿ ಸೇರಿಸಿ. ಪ್ರಶ್ನೆ ಇದು. ರಾಜಂ ಸ್ವಾಮಿಯನ್ನು ಕ್ಷಮಿಸಿದನೇ? ಕ್ಷಮಿಸಿದ ಅನ್ನುವವರು ಒಂದು ಕಡೆ ಕೂರಲಿ. ಇಲ್ಲ ಅನ್ನುವವರು ಇನ್ನೊಂದು ಕಡೆ. ಗೊತ್ತಿಲ್ಲ ಅನ್ನುವವರು ನಡುವೆ. ಅವರಿಗೂ ಗೌರವದ ಜಾಗ ಇರಲಿ. ಮಾತಾಡುವವರು ಪುಟ ತೆರೆದು ಸಾಲು ತೋರಿಸಿ ಮಾತಾಡಬೇಕು. ರಾಜಂ ಮೊದಲಿನಿಂದ ಎಂಥವನು? ಮೊದಲ ಭೇಟಿಯಲ್ಲಿ ಮಣಿಯೊಂದಿಗೆ ಜಗಳ ಹೇಗೆ ಸ್ನೇಹವಾಯಿತು? ಮಣಿ ಯಾವಾಗಲಾದರೂ ಸ್ವಾಮಿಗೆ ಸುಳ್ಳು ಹೇಳಿದ್ದಾನೆಯೇ? ಒಂದು ಸಾಲಿಗಾಗಿ ಮಕ್ಕಳು ಮೊದಲ ಅಧ್ಯಾಯದವರೆಗೆ ಹಿಂದೆ ಹೋಗುತ್ತಾರೆ. ಮಾತಿನ ನಡುವೆ ಯಾರಾದರೂ ಮನಸ್ಸು ಬದಲಿಸಿದರೆ ಎದ್ದು ಆ ಕಡೆ ಹೋಗಿ ಕೂರಬಹುದು. ಕೊನೆಗೆ ನೀವು ಸರಿಯುತ್ತರ ಹೇಳಬೇಡಿ. ಪುಸ್ತಕದಲ್ಲೇ ಇಲ್ಲದ ಉತ್ತರ ನಮ್ಮ ಹತ್ತಿರ ಎಲ್ಲಿಂದ ಬರಬೇಕು?

ಮಕ್ಕಳು ಇಲ್ಲಿ ಅಳಬಹುದು. ಗೆಳೆಯನನ್ನು ಕಳೆದುಕೊಂಡ ನೆನಪು ಅವರಲ್ಲೂ ಇರುತ್ತದೆ. ಶಾಲೆ ಬಿಟ್ಟು ಹೋದವರು, ಅಪ್ಪನ ಕೆಲಸಕ್ಕೆಂದು ಬೇರೆ ಊರಿಗೆ ಹೋದವರು. ಅದನ್ನು ಬರೆಯುವ ಆಸೆಯಿದ್ದವರು ಬರೆಯಲಿ. ಅದಕ್ಕೆ ಅಂಕ ಹಾಕಬೇಡಿ. ಕೆಂಪು ಶಾಯಿಯಲ್ಲಿ ತಿದ್ದಬೇಡಿ.

ಇಷ್ಟೆಲ್ಲ ಮಾಡಿಸಲು ಹೊತ್ತೆಲ್ಲಿದೆ ಎಂದು ಶಿಕ್ಷಕರು ಕೇಳುತ್ತಾರೆ. ನ್ಯಾಯವಾದ ಮಾತು. ಪಠ್ಯ ಮುಗಿಸಬೇಕು, ದಾಖಲೆ ಬರೆಯಬೇಕು, ಒಂದೇ ಕೋಣೆಯಲ್ಲಿ ಎರಡು ತರಗತಿ ನೋಡಬೇಕು. ಎಲ್ಲವನ್ನೂ ಮಾಡಿಸಿ ಎಂದು ನಾನು ಹೇಳುವುದಿಲ್ಲ. ಇವುಗಳಲ್ಲಿ ಒಂದನ್ನು ಮಾಡಿಸಿದರೂ ಸಾಕು. ವಾರಕ್ಕೊಂದು ಅವಧಿ, ಒಂದೇ ಪ್ರತಿ, ಒಬ್ಬರು ಗಟ್ಟಿಯಾಗಿ ಓದುವುದು. ಚಟುವಟಿಕೆಯ ಕಲಿಕೆ ನಮಗೆ ಹೊಸದೇನೂ ಅಲ್ಲ. ಎಚ್. ಡಿ. ಕೋಟೆಯ ಶಾಲೆಗಳಲ್ಲಿ 1990ರ ದಶಕದಲ್ಲಿ ಶುರುವಾದ ನಲಿಕಲಿ ರಾಜ್ಯಕ್ಕೆಲ್ಲ ಹಬ್ಬಿತು. ಆ ಹುರುಪು ಮೂರನೆಯ ತರಗತಿಗೇ ನಿಲ್ಲಬೇಕಾಗಿಲ್ಲ.

ಮಕ್ಕಳ ಹೊರೆಯ ಬಗ್ಗೆಯೂ ಒಂದು ಮಾತು. ನಾರಾಯಣ್ ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಾಗಿದ್ದರು. 1989ರಲ್ಲಿ ಅಲ್ಲಿ ಮಾಡಿದ ಮೊದಲ ಭಾಷಣದಲ್ಲಿ ಅವರು ಎತ್ತಿಕೊಂಡ ವಿಷಯ ಮಕ್ಕಳ ಶಾಲಾ ಚೀಲದ ಭಾರ. ಆಗ ಅವರಿಗೆ ಎಂಬತ್ತು ದಾಟಿತ್ತು. ಸ್ವಾಮಿಯನ್ನು ಬರೆದು ಅರ್ಧ ಶತಮಾನಕ್ಕೂ ಮೇಲಾಗಿತ್ತು. ಆ ಚರ್ಚೆ ಮುಂದುವರಿದು ಯಶಪಾಲ್ ಸಮಿತಿಯಾಯಿತು, 1993ರಲ್ಲಿ ಅದರ ವರದಿ ಬಂತು. ಹೊರೆಯಿಲ್ಲದ ಕಲಿಕೆ ಬೇಕು ಎಂದು ಅದು ಹೇಳಿತು. ನಾವು ಕೊಡುವ ಚಟುವಟಿಕೆ ಆ ಚೀಲಕ್ಕೆ ಇನ್ನೊಂದು ನೋಟ್‌ಬುಕ್ ಸೇರಿಸಬಾರದು.

ಕೊನೆಯದಾಗಿ ಒಂದು ಕೇಳಿಕೆ. ಅನೇಕ ಶಾಲೆಗಳಲ್ಲಿ ಕಥೆಪುಸ್ತಕಗಳು ಬೀರುವಿನಲ್ಲಿವೆ, ಬೀರುವಿಗೆ ಬೀಗವಿದೆ, ಕೀಲಿಕೈ ಹೆಡ್‌ಮಾಸ್ಟರರ ಮೇಜಿನಲ್ಲಿದೆ. ಪುಸ್ತಕ ಹರಿದರೆ ಲೆಕ್ಕ ಯಾರು ಕೊಡುವುದು ಎಂಬ ಅಂಜಿಕೆ ನನಗೂ ಅರ್ಥವಾಗುತ್ತದೆ. ಆದರೂ ಕೇಳುತ್ತೇನೆ. ಈ ವಾರ ಆ ಬೀಗ ತೆಗೆಸಿ. ಸ್ವಾಮಿ ಅಲ್ಲಿ ಇಲ್ಲದಿದ್ದರೆ ಬೇರೆ ಯಾವುದಾದರೂ ಮಕ್ಕಳ ಕಾದಂಬರಿ ಇರುತ್ತದೆ. ಮೊದಲು ನೀವು ಓದಿ. ಆಮೇಲೆ ಮಕ್ಕಳ ಕೈಗೆ ಕೊಡಿ.